ಕೆರೆಗೆ ಅಪ್ರದಕ್ಷಿಣೆ

ನಾವಿದ್ದ ರೈಟರ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಬಚ್ಚಲು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಿತ್ತು. ಬಚ್ಚಲಲ್ಲಿ ಮಾತ್ರ ಒಂದು ಮದುವೆ ಮನೆಯ ನೀರು ಕಾಯಿಸುವಷ್ಟು ದೊಡ್ಡ ಹಂಡೆ, ಒಲೆ, ಸೌದೆ ಪೇರಿಸುವ ಮೂಲೆ, ಬಟ್ಟೆ ಒಗೆಯುವ ಕಲ್ಲು ಎಲ್ಲ ಇದ್ದು ಇನ್ನೂ ಜಾಗ ಉಳಿಯುತ್ತಿತ್ತು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಎಸ್ಟೇಟು. ನಾನು ಅಲ್ಲಿ ರೈಟರು, ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಮೇಸ್ತ್ರಿಗಳಿಗೆ ದಿನದ ಕೆಲಸ ಹಂಚುವವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮನೆ ಎಸ್ಟೇಟಿನದು. ಹಿಂದೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆ, ಅದರ ಮೇಲೆ ದಿಬ್ಬದಲ್ಲಿ ಕೆರೆ. ಕುಯ್ಲಿನ ತಿಂಗಳುಗಳಲ್ಲಿ ಪಲ್ಪರಿನ ಹುಳಿ ವಾಸನೆ ಅನ್ನದಲ್ಲೂ ಸೇರಿಕೊಂಡಿರುತ್ತಿತ್ತು. ಹೊರಗಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನ ಮಗಳು ವಿನುತಾ ಆ ವಾಸನೆ ಇಲ್ಲದೆ ಹೋದ ಕಡೆಗಳಲ್ಲಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು.

ಆ ಬಚ್ಚಲಿನ ಒಲೆ ಆರುತ್ತಿರಲಿಲ್ಲ, ಅವಳಿಗಾಗಿ. ಕೆರೆಯಿಂದ ಎದ್ದು ಬಂದವಳು ತುಟಿ ನೀಲಿಯಾಗಿ, ಹಲ್ಲು ಕಟಕಟಗುಡುತ್ತ ನೇರ ಹಂಡೆಯ ಹತ್ತಿರ ಹೋಗಿ ಅದರ ಹೊಟ್ಟೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನನ್ನ ಹೆಂಡತಿ ಸುಶೀಲ ಚೊಂಬಿನಿಂದ ನೀರು ಹುಯ್ಯುತ್ತ ನನಗೆ ಕೇಳಲೆಂದೇ ದೊಡ್ಡದಾಗಿ ಗೊಣಗುತ್ತಿದ್ದಳು. ಎಷ್ಟೋ ವರ್ಷ ಆ ಗೊಣಗಾಟವೇ ನಮ್ಮ ಮನೆಯ ಸುಪ್ರಭಾತ. ಈಗ ಆ ಬಚ್ಚಲು ಇಲ್ಲ. ಮನೆಯೂ ಇಲ್ಲ, ಸುಶೀಲಳೂ ಇಲ್ಲ. ನಾನು ಬರೆಯಬೇಕಾದದ್ದನ್ನು ಓದಿ ಬೈಯುವವರು ಯಾರೂ ಮನೆಯಲ್ಲಿ ಉಳಿದಿಲ್ಲ ಎಂಬ ಧೈರ್ಯದಿಂದಲೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆಯೋ ಏನೋ.

ವಿನುತಾಳಿಗೆ ಈಜು ಕಲಿಸಿದವನು ನಾನು. ನನಗೆ ಹೊಳೆಯ ಈಜು ಗೊತ್ತಿತ್ತು, ಅಷ್ಟೇ. ಅವಳು ಇನ್ನೂ ಪ್ರೈಮರಿ ಶಾಲೆಯ ಹುಡುಗಿಯಾಗಿದ್ದಾಗ ಒಂದು ಭಾನುವಾರ ಕೆರೆಗೆ ಇಳಿಸಿದೆ. ಕೆಲವೇ ದಿನಗಳಲ್ಲಿ ನಾನು ಅವಳ ಹಿಂದೆ ಉಳಿದೆ. ಮಕ್ಕಳು ಸಾಮಾನ್ಯವಾಗಿ ಬಿರುಸಾಗಿ ಈಜಿ ಬೇಗ ಸುಸ್ತಾಗುತ್ತಾರೆ. ಇವಳು ಹಾಗಲ್ಲ. ಮೊದಲ ಸುತ್ತು ಹೇಗೋ ಕೊನೆಯ ಸುತ್ತೂ ಹಾಗೇ. ನೀರಿನಲ್ಲಿ ಅವಸರವೇ ಇಲ್ಲ. ಚಿಕ್ಕಮಗಳೂರಿನಲ್ಲಿ ಶಾಲಾ ಮಕ್ಕಳ ಸ್ಪರ್ಧೆಗೆ ಕರೆದುಕೊಂಡು ಹೋದಾಗ ಚಿಕ್ಕ ದೂರದಲ್ಲಿ ಅವಳು ಕೊನೆಯವಳು, ದೊಡ್ಡ ದೂರದಲ್ಲಿ ಮೊದಲಿಗಳು. ಎರಡನೆಯವಳಿಗೂ ಇವಳಿಗೂ ನಡುವೆ ಅರ್ಧ ಕೊಳದ ನೀರಿತ್ತು. ಆವತ್ತು ಮನೆಗೆ ಬರುವ ಬಸ್ಸಿನಲ್ಲಿ ನಾನು ಎಲ್ಲರಿಗೂ ಕಾಣುವಂತೆ ಪದಕವನ್ನು ನನ್ನ ಅಂಗಿಯ ಮೇಲೆ ಹಾಕಿಕೊಂಡು ಕೂತಿದ್ದೆ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು.

ಕೆರೆ ಉದ್ದಕ್ಕಿರಲಿಲ್ಲ, ದುಂಡಗಿತ್ತು. ಹಾಗಾಗಿ ಅವಳು ಸುತ್ತು ಹೊಡೆಯುತ್ತಿದ್ದಳು, ದಂಡೆಯ ಅಂಚಿಗೇ. ನಾನು ದಂಡೆಯ ಮೇಲೆ ಅವಳ ಜೊತೆಜೊತೆಗೆ ನಡೆಯುತ್ತಿದ್ದೆ. ಅವಳು ಉಸಿರಿಗಾಗಿ ಮುಖ ತಿರುಗಿಸುತ್ತಿದ್ದದ್ದು ಬಲಕ್ಕೆ. ಆದ್ದರಿಂದ ಯಾವಾಗಲೂ ದಂಡೆ ಅವಳ ಬಲಕ್ಕೇ ಬರುವಂತೆ ಸುತ್ತು ಹಾಕಿಸಿದೆ. ಪ್ರತಿ ಉಸಿರಿಗೂ ಅವಳ ಮುಖ ನನಗೆ ಕಾಣಬೇಕಿತ್ತು. ಅದಕ್ಕೆ ಕಾರಣ ನನ್ನ ಕಸುಬು. ಬೆಳಿಗ್ಗೆ ಹಾಜರಿ ಸಾಲಿನ ಮುಂದೆ ನಿಂತವನಿಗೆ ಆಳುಗಳ ಮಾತಿಗಿಂತ ಮುಖ ಮುಖ್ಯ. ಜ್ವರ ಎಂದವನಿಗೆ ನಿಜಕ್ಕೂ ಜ್ವರವೋ, ಹೆಂಗಸಿಗೆ ಸೊಂಟ ನೋವೋ ಇಲ್ಲಾ ಮನೆಗೆ ನೆಂಟರು ಬಂದಿದ್ದಾರೋ, ನಾನು ಮುಖ ನೋಡಿಯೇ ಹೇಳುತ್ತಿದ್ದೆ. ನೆಪ ಹಿಡಿಯುವುದರಲ್ಲಿ ನಮ್ಮ ರೈಟ್ರನ್ನು ಮೀರಿಸುವವರಿಲ್ಲ ಎಂದು ಎಸ್ಟೇಟಿನ ಗೌಡರು ನಾಲ್ಕು ಜನರ ಎದುರು ಹೇಳಿದ್ದರು. ಆ ಮಾತನ್ನು ನಾನು ಬಹಳ ವರ್ಷ ಮೆಲುಕು ಹಾಕಿದ್ದೇನೆ. ಅದೇ ಕಣ್ಣನ್ನು ಇಟ್ಟುಕೊಂಡು ದಂಡೆಗೂ ಹೋದೆ.

ಸುಶೀಲಳಿಗೆ ಆ ಸುತ್ತು ಸರಿಬರಲಿಲ್ಲ. ಗುಡಿಯಲ್ಲಿ ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತೇವೆ. ಇವಳು ಕೆರೆಯನ್ನು ಎಡಕ್ಕೆ ಇಟ್ಟುಕೊಂಡು ಸುತ್ತುತ್ತಿದ್ದಳು.

"ಏನ್ರೀ ಇದು, ಮಗೂ ಕೈಲಿ ಕೆರೆಗೆ ಅಪ್ರದಕ್ಷಿಣೆ ಹಾಕಿಸ್ತಿದೀರಲ್ಲ. ಸಾವಿನ ಮನೇಲಿ ಸುತ್ತಿದ ಹಾಗೆ."

"ಕೆರೆ ಏನ್ ದೇವ್ರೇನೆ?"

"ನೀರು ದೇವ್ರಲ್ದೆ ಇನ್ನೇನು? ಒಂದಿನ ಆ ಕಡೆ, ಒಂದಿನ ಈ ಕಡೆ ಸುತ್ಸಿ. ನಿಮ್ಗೇನು ಹೋಗ್ತದೆ?"

"ಆ ಕಡೆ ಸುತ್ತಿದ್ರೆ ಮುಖ ಕಾಣಲ್ಲ ಮಾರಾಯ್ತಿ."

"ಮುಖ ನೋಡೋಕೆ ನೀವೇನು ಹೆಣ್ಣು ನೋಡೋಕೆ ಬಂದಿದೀರಾ?"

ವಿನುತಾ ನೀರಿನಲ್ಲೇ ನಿಂತು ನಕ್ಕಿದ್ದಳು. ಆಗ ನಗುತ್ತಿದ್ದಳು. ಸುಶೀಲಳದು ದೇವರ ಭಯ, ನನ್ನದು ಹಟ. ಅವಳು ಹೇಳಿದ್ದು ಬೇರೆ ಕಾರಣಕ್ಕೆ ಸರಿಯಿತ್ತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮುಂದೆ ಚಿಕ್ಕಮಗಳೂರಿನ ಈಜುಕೊಳದ ಕೋಚ್ ಅವಳನ್ನು ನೋಡಿ, "ಏನ್ ರೈಟ್ರೇ, ಈ ಹುಡ್ಗಿ ನೆಟ್ಟಗೆ ಹೋಗೋದೇ ಇಲ್ಲ, ಎಡಕ್ಕೇ ಎಳೀತಾಳೆ. ಪಕ್ಕದ ಲೇನ್ ಹಗ್ಗಕ್ಕೆ ಕೈ ಬಡ್ಕೊಳ್ತಾಳೆ. ಎರಡೂ ಕಡೆ ಉಸಿರು ತಗೊಳೋದು ಕಲಿಸಿ, ಇಲ್ದಿದ್ರೆ ಎಡಗೈ ಭುಜ ಕೆಡುತ್ತೆ" ಎಂದರು. ಅವಳನ್ನು ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಸೇರಿಸುವ ಮಾತನ್ನೂ ಆಡಿದರು. ನಾನು ತಲೆಯಾಡಿಸಿ ಮನೆಗೆ ಕರೆದುಕೊಂಡು ಬಂದೆ. ನನ್ನ ಕೆರೆಯಲ್ಲಿ ತಯಾರಾದವಳ ಹೆಸರಿನ ಪಕ್ಕ ಇನ್ನೊಬ್ಬರ ಹೆಸರು ಬರುವುದು ನನಗೆ ಬೇಕಿರಲಿಲ್ಲ. ಅವಳು ಆ ವರ್ಷ ಎಂಟುನೂರು ಮೀಟರಿನಲ್ಲಿ ರಾಜ್ಯಕ್ಕೇ ಮೊದಲಿಗಳಾದಳು, ಮರುವರ್ಷವೂ ಆದಳು. ಎಡಕ್ಕೆ ಎಳೆಯುತ್ತಲೇ, ಹಗ್ಗಕ್ಕೆ ಕೈ ಬಡಿದುಕೊಳ್ಳುತ್ತಲೇ ಗೆದ್ದಳು. ಇನ್ನು ನನಗೆ ಹೇಳುವವರು ಯಾರು?

ಊಟದ ವಿಷಯ ಹೇಳಬೇಕು. ನಮ್ಮಲ್ಲಿ ಪೂರ್ತಿ ದಿನ ಕೆಲಸ ಮಾಡದೆ ಮಧ್ಯಾಹ್ನಕ್ಕೇ ಹೋಗುವ ಆಳಿಗೆ ಅರ್ಧ ಹಾಜರಿ ಹಾಕುತ್ತಿದ್ದೆ. ಸಾಲಿನಲ್ಲಿ ಹೆಸರು ಕೂಗಿ "ಅರ್ಧ" ಎಂದರೆ ಮುಗಿಯಿತು. ವಿನುತಾ ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಸುತ್ತು ಮುಗಿಯುವ ಮೊದಲೇ ಚಳಿ ಎಂದು ಮೇಲೆ ಬಂದಳು. ಊಟಕ್ಕೆ ಕೂತಾಗ ನಾನು ಹಾಜರಿ ಕೂಗುವ ಧ್ವನಿಯಲ್ಲಿ, "ವಿನುತಾ, ಅರ್ಧ!" ಎಂದೆ. ತಮಾಷೆಗೇ ಎಂದದ್ದು. ಅವಳೂ ನಕ್ಕು, ತಟ್ಟೆಯಲ್ಲಿದ್ದ ಅಕ್ಕಿ ರೊಟ್ಟಿಯನ್ನು ಎರಡಾಗಿ ಮುರಿದು ಒಂದು ಪಾಲನ್ನು ನನ್ನ ತಟ್ಟೆಗೆ ಹಾಕಿ, "ತಗೊಳಿ ರೈಟ್ರೇ, ನಿಮ್ ಪಾಲು" ಎಂದಳು. ಮೂವರೂ ನಕ್ಕೆವು. ಅದು ಮನೆಯ ಆಟವಾಯಿತು. ಆಟ ಯಾವಾಗ ನಿಂತು ಬೇರೇನೋ ಆಯಿತು ಎಂದು ನನಗೆ ತಿಳಿಯಲಿಲ್ಲ, ಅಥವಾ ತಿಳಿಯಿತು. ಕೊನೆಕೊನೆಗೆ ನಾನು ಏನೂ ಹೇಳದಿದ್ದರೂ ಅವಳು ಬಂದು ಕೂತು, ರೊಟ್ಟಿ ಮುರಿದು, ಅರ್ಧವನ್ನು ಪಕ್ಕಕ್ಕಿಟ್ಟು, ತಲೆ ತಗ್ಗಿಸಿ ಉಳಿದದ್ದನ್ನು ತಿನ್ನುತ್ತಿದ್ದಳು. ಸುಶೀಲ ಆ ತುಂಡನ್ನು ಮತ್ತೆ ಅವಳ ತಟ್ಟೆಗೆ ಹಾಕಿದರೆ ಅದು ಹಾಗೇ ಉಳಿಯುತ್ತಿತ್ತು.

ಆಗಲೇ ಕಾಫಿ ಬೆಲೆ ಬಿದ್ದದ್ದು. ಬೀಳುತ್ತಲೇ ಹೋಯಿತು. ಸಿಪ್ಪೆ ತೆಗೆದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟನ್ನು ಮಾರಲು ಮನಸ್ಸಾಗದೆ ಗೋಡೌನಿನಲ್ಲಿ ಪೇರಿಸಿದ ಮೂಟೆಗಳ ಮೇಲೆ ಇನ್ನೊಂದು ವರ್ಷದ ಮೂಟೆ ಬಂದು ಕೂತಿತು. ಗೌಡರು ಮೊದಲು ಗೊಬ್ಬರ ನಿಲ್ಲಿಸಿದರು, ಆಮೇಲೆ ಆಳು ಕಡಿಮೆ ಮಾಡಿದರು. ಒಂದು ದಿನ ನನ್ನನ್ನು ಬಂಗಲೆಯ ಜಗಲಿಗೆ ಕರೆದು ಕೂರಲು ಹೇಳಿದರು. ಅಷ್ಟು ವರ್ಷಗಳಲ್ಲಿ ಅವರು ನನಗೆ ಕೂರಲು ಹೇಳಿದ್ದು ಅದೇ ಮೊದಲು.

"ರೈಟ್ರೇ, ಎಸ್ಟೇಟು ಕೊಡೋ ಮಾತಾಗ್ತಿದೆ. ತಗೊಳೋರು ರೆಸಾರ್ಟ್ ಮಾಡ್ತಾರಂತೆ. ನೀವೂ ಒಂದು ದಾರಿ ನೋಡ್ಕೊಳ್ಳಿ."

"ಮನೆ, ಗೌಡ್ರೇ?"

"ಮನೆ ಅವ್ರಿಗೇ ಬೇಕಂತೆ."

ನಾನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ನೇರ ಕೆರೆಗೆ ಹೋದೆ. ವಿನುತಾ ಕಾಲೇಜಿನಿಂದ ಬಂದು ಆಗಲೇ ನೀರಿನಲ್ಲಿದ್ದಳು. ನ್ಯಾಷನಲ್ಸ್‌ನಲ್ಲಿ ಪದಕ ಬಂದರೆ ಆಟಗಾರರ ಕೋಟಾದಲ್ಲಿ ಸರ್ಕಾರಿ ಕೆಲಸ, ಕೆಲಸದ ಜೊತೆ ಕ್ವಾರ್ಟರ್ಸು ಎಂದು ಕೋಚ್ ಹೇಳಿದ್ದು ನನ್ನ ತಲೆಯಲ್ಲಿತ್ತು. ನಾನು ದಂಡೆಯ ಮೇಲೆ ನಿಂತು ನನ್ನ ಮಗಳನ್ನು ನೋಡಿದೆನೇ, ನಮ್ಮ ಮುಂದಿನ ಮನೆಯನ್ನು ನೋಡಿದೆನೇ? ಆವತ್ತಿನಿಂದ ಸಂಜೆಯ ಜೊತೆಗೆ ಬೆಳಿಗ್ಗೆಯೂ ಸುತ್ತು ಶುರುಮಾಡಿಸಿದೆ. ಯಾಕೆಂದು ಅವಳಿಗೆ ಹೇಳಿದೆ. ಹದಿನೇಳು ಹದಿನೆಂಟರ ಹುಡುಗಿಗೆ, "ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ನಾವು ಬೀದಿಗೆ ಬೀಳ್ತೀವಿ, ಅಮ್ಮಂಗೆ ಹೇಳ್ಬೇಡ" ಎಂದೆ. ಅವಳು ಒದ್ದೆ ಕೂದಲು ಹಿಂಡುತ್ತ, "ಆಯ್ತಪ್ಪ" ಎಂದಳು. ಇನ್ನೇನು ಹೇಳಿಯಾಳು.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಅವಳು ಸುತ್ತಿನ ನಡುವೆ ನಿಂತಳು. ತೂಬಿನ ಕಲ್ಲು ಹಿಡಿದುಕೊಂಡು ನನ್ನನ್ನು ಕರೆದಳು.

"ಅಪ್ಪ, ಎಡಗೈ ಮೇಲಕ್ಕೆ ಬರ್ತಾ ಇಲ್ಲ. ಒಳಗೆ ಏನೋ ಉಜ್ಜಿದ ಹಾಗೆ ಆಗ್ತದೆ."

"ಚಳಿಗೆ ಹಿಡ್ಕೊಂಡಿದೆ. ಎರಡು ಸುತ್ತು ಹೊಡಿ, ಬಿಡ್ತದೆ."

"ಚಳಿ ಅಲ್ಲಪ್ಪ. ರಾತ್ರಿ ಮಲಗಿದ್ರೂ ನೋಯ್ತದೆ."

ನಾನು ಮುಖ ನೋಡಿದೆ. ಹಾಜರಿ ಸಾಲಿನಲ್ಲಿ ನೋಡುವ ಹಾಗೆ ನೋಡಿದೆ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ನೆಪ ಹೇಳುವವರ ಕಣ್ಣು ಎಲ್ಲಿ ಓಡುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಕಣ್ಣು ಎಲ್ಲಿಗೂ ಓಡಲಿಲ್ಲ. ನನ್ನ ಮೇಲೇ ಇತ್ತು. ನನಗೆ ನಿಜ ಗೊತ್ತಾಯಿತು. ಗೊತ್ತಾದ ಮೇಲೂ ನಾನು, "ನೆಪ ಹೇಳ್ಬೇಡ ವಿನು, ನಡಿ" ಎಂದೆ. ಅವಳು ಕಲ್ಲು ಬಿಟ್ಟು ಈಜಲು ಹೋದಳು. ದಂಡೆ ಅವಳ ಬಲಕ್ಕಿತ್ತು. ಪ್ರತಿ ಉಸಿರಿಗೂ ಮುಖ ತಿರುಗುತ್ತಿತ್ತು, ಪ್ರತಿ ಸಲವೂ ಹಲ್ಲು ಕಚ್ಚಿದ ಆ ಮುಖ ನನಗೆ ಕಾಣುತ್ತಿತ್ತು. ಆ ಮುಖವನ್ನು ನೋಡಿಕೊಂಡೇ ನಾನು ದಂಡೆಯ ಮೇಲೆ ನಡೆದೆ. ಆವತ್ತೊಂದು ದಿನವಲ್ಲ, ಆಮೇಲೆ ತಿಂಗಳುಗಟ್ಟಲೆ.

ಸುಶೀಲಳಿಗೆ ಗೊತ್ತಾದದ್ದು ದೀಪಾವಳಿಯಲ್ಲಿ. ನೀರು ತುಂಬುವ ಹಬ್ಬದ ಸಂಜೆ ಅವಳು ಹಂಡೆ ಬೆಳಗಿ, ಅದರ ಕತ್ತಿಗೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡಿದ್ದಳು. ಮಾರನೆಯ ಬೆಳಿಗ್ಗೆ ಮಗಳನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುವಾಗ ಎಡ ಭುಜಕ್ಕೆ ಕೈ ತಾಗಿತು. ವಿನುತಾ ಕಿರುಚಿದ್ದು ನನಗೆ ಅಂಗಳಕ್ಕೆ ಕೇಳಿಸಿತು. ಸುಶೀಲ ಎಣ್ಣೆ ಕೈಯಲ್ಲೇ ಹೊರಗೆ ಬಂದಳು.

"ಮಗೂ ಕೈ ತಲೆ ಮೇಲಕ್ಕೆ ಏಳ್ತಿಲ್ಲ. ನಿಮ್ಗೆ ಗೊತ್ತಿತ್ತಾ?"

"ಸ್ವಲ್ಪ ಹಿಡ್ಕೊಂಡಿದೆ ಅಂದ್ಲು."

"ಸ್ವಲ್ಪನಾ? ಜಡೆ ಹಾಕ್ಕೊಳಕ್ಕಾಗ್ದೆ ಕೂದ್ಲು ಕತ್ತರಿಸ್ಕೊಂಡಿದಾಳೆ ಅಂತ ಈಗ ಗೊತ್ತಾಯ್ತು ನನ್ಗೆ. ಫ್ಯಾಷನ್ನು ಅನ್ಕೊಂಡಿದ್ದೆ ನಾನು! ಹಬ್ಬ ಹಾಳಾಗ್ಲಿ, ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ."

"ಆಸ್ಪತ್ರೇಲಿ ಈಜ್ಬೇಡ ಅಂತಾರೆ."

"ಅನ್ಲಿ!"

"ಅಂದ್ರೆ ಎಲ್ಲಿರ್ತೀಯೇ ನೀನು? ಈ ಮನೆ ಹೋಗ್ತದೆ ಕಣೆ!"

ಹೀಗೆ ಅವಳಿಗೆ ಎಸ್ಟೇಟು ಮಾರುವ ವಿಷಯ ತಿಳಿಯಿತು. ಅವಳು ಅಂಗಳದಲ್ಲೇ ಕುಸಿದು ಕೂತಳು. ಎಣ್ಣೆ ಹಚ್ಚಿದ ಮೈಯಲ್ಲಿ ಬಚ್ಚಲ ಬಾಗಿಲಿಗೆ ಬಂದು ನಿಂತ ವಿನುತಾ, "ಜಗಳ ಆಡ್ಬೇಡಿ. ನ್ಯಾಷನಲ್ಸ್ ಮುಗೀಲಿ, ಆಮೇಲೆ ತೋರಿಸ್ಕೊಳೋಣ" ಎಂದಳು. ಆ ಮಾತು ಅವಳ ಬಾಯಿಂದ ಬರಲಿ ಎಂದೇ ನಾನು ಕಾಯುತ್ತಿದ್ದೆ. ಅದನ್ನು ಹಿಡಿದುಕೊಂಡು, "ಕೇಳಿದ್ಯಾ? ಅವ್ಳೇ ಹೇಳ್ತಿದಾಳೆ" ಎಂದೆ. ಹಬ್ಬದ ಕಡುಬು ಮಾಡಿದಂತೆಯೇ ಉಳಿಯಿತು. ಮುಂದಿನ ವಾರ ಕೊಪ್ಪದ ಕಡೆಯ ನಾಟಿ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋಗಿ ಭುಜ ನೀವಿಸಿದೆ. ನೀವಿದ ದಿನ ಹಗುರಾಯಿತು ಎಂದಳು. ಮರುದಿನ ಮತ್ತೆ ಕೆರೆ.

ನ್ಯಾಷನಲ್ಸ್ ಬೇರೆ ರಾಜ್ಯದಲ್ಲಿತ್ತು. ಅಷ್ಟು ದೊಡ್ಡ ಈಜುಕೊಳವನ್ನು ನಾನು ನೋಡಿರಲಿಲ್ಲ. ನೀರು ಎಷ್ಟು ತಿಳಿಯೆಂದರೆ ಅದರೊಳಗೆ ಮುಚ್ಚಿಡುವುದಕ್ಕೆ ಜಾಗವೇ ಇಲ್ಲ ಅನ್ನಿಸಿತು. ಸ್ಪರ್ಧೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳು ಎಲ್ಲರಿಗಿಂತ ಮುಂದಿದ್ದಳು. ಪಕ್ಕದಲ್ಲಿ ಕೂತಿದ್ದ ಕೋಚ್ ನನ್ನ ಮೊಣಕಾಲು ಹಿಡಿದು ಅದುಮುತ್ತಿದ್ದರು. ಅರ್ಧ ದಾಟಿದ ಮೇಲೆ ಎಡಗೈ ನೀರಿನಿಂದ ಮೇಲೆ ಬರುವುದು ನಿಧಾನವಾಯಿತು. ಆಮೇಲೆ ಬರಲೇ ಇಲ್ಲ. ಅವಳು ಬಲಗೈಯೊಂದರಲ್ಲೇ ನೀರು ಎಳೆಯುತ್ತ, ಎಡಗೈಯನ್ನು ಮೈಗೆ ಅಂಟಿಸಿಕೊಂಡು, ಹಗ್ಗಕ್ಕೆ ತಾಗಿ ತಾಗಿ ಹೋಗುತ್ತಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಅವಳನ್ನು ದಾಟಿದರು, ಮುಗಿಸಿದರು, ಮೇಲೆ ಹತ್ತಿ ಟವೆಲ್ ಹೊದ್ದುಕೊಂಡರು. ಕೊಳದಲ್ಲಿ ಅವಳೊಬ್ಬಳೇ ಉಳಿದಳು. ಸುತ್ತಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಬಿಡದೆ ಮುಗಿಸುವ ಹುಡುಗಿ ಎಂದು ಅವರಿಗೆ ಮೆಚ್ಚುಗೆ. ಮಧ್ಯದಲ್ಲೇ ಮೇಲೆ ಬಂದರೆ ಅದಕ್ಕೆ ನಮ್ಮ ಮನೆಯಲ್ಲಿ ಏನೆಂದು ಹೆಸರು, ಊಟದ ತಟ್ಟೆಯಲ್ಲಿ ಏನಾಗುತ್ತದೆ ಎಂದು ಅವರಿಗೇನು ಗೊತ್ತು. ನಾನೂ ಎದ್ದು ನಿಂತಿದ್ದೆ. ಸಾಕು, ಬಾ ಎಂದು ಕೂಗಲು ಬಾಯಿ ತೆರೆದೆ. ಕೂಗಲಿಲ್ಲ.

ಹಿಂದಿರುಗಿ ಬರುವಾಗ ಕೋಚ್ ನಮ್ಮನ್ನು ಮಂಗಳೂರಿನ ಮೂಳೆ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಭುಜದ ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಪರೇಷನ್ ಮಾಡಬಹುದು, ಬಟ್ಟೆ ಒಗೆಯಲು ಅಡುಗೆ ಮಾಡಲು ಕೈ ಬರಬಹುದು, ಈಜು ಮಾತ್ರ ಮುಗಿಯಿತು ಎಂದರು. ಆಮೇಲೆ ವಿನುತಾಳ ಕಡೆ ತಿರುಗಿದರು.

"ಯಾವಾಗಿಂದಮ್ಮ ಈ ನೋವು?"

"ಒಂದು ವರ್ಷದ ಮೇಲಾಯ್ತು ಸರ್."

"ವರ್ಷ! ಮೊದ್ಲೇ ಬಂದಿದ್ರೆ ಬರೀ ರೆಸ್ಟ್ ಕೊಟ್ಟು ಸರಿ ಮಾಡ್ಬಹುದಿತ್ತಲ್ಲ. ಮನೇಲಿ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೋ ಏನೋ. ಮೇಜಿನ ಮೇಲಿದ್ದ ಪೇಪರ್‌ವೇಯ್ಟನ್ನು ನೋಡುತ್ತ, "ಹೇಳಿರ್ಲಿಲ್ಲ ಸರ್. ಈಜು ಬಿಡಿಸ್ತಾರೆ ಅಂತ ಹೆದ್ರಿಕೊಂಡು ಮುಚ್ಚಿಟ್ಟಿದ್ದೆ" ಎಂದಳು.

ಡಾಕ್ಟರು ನನ್ನನ್ನು ಕೇಳಿದರು: "ನೀವು ತಂದೆ. ನಿಮ್ಗೂ ಗೊತ್ತಾಗ್ಲಿಲ್ವಾ?"

ಆ ಕೋಣೆಯಲ್ಲಿ ಡಾಕ್ಟರು, ಕೋಚ್, ಅವಳು, ನಾನು. ಸುಶೀಲ ಊರಿನಲ್ಲಿದ್ದಳು. ನಾನು ಕೈ ಮುಗಿದು, "ನಮ್ ಹುಡ್ಗಿ ಬಾಯಿ ಬಿಡೋದೇ ಇಲ್ಲ ಡಾಕ್ಟ್ರೇ" ಎಂದೆ. ಡಾಕ್ಟರು ತಲೆಯಾಡಿಸಿ ಅವಳನ್ನು ಬೈದರು. ಓದಿದ ಹುಡುಗಿ, ಇಷ್ಟು ಬುದ್ಧಿ ಬೇಡವೇ ಎಂದರು. ಕೋಚ್ ಕೂಡ ಬೈದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಅವಳೇ ಮುಚ್ಚಿಟ್ಟಳಂತೆ ಎಂಬ ಮಾತು ಕೋಚ್ ಮೂಲಕ ನಮಗಿಂತ ಮೊದಲೇ ಊರು ಮುಟ್ಟಿತ್ತು. ದೀಪಾವಳಿಯ ದಿನ ನನ್ನ ಬಾಯಿಂದಲೇ ಕೇಳಿದ್ದ ಸುಶೀಲ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ಅವ್ಳು ನಿಮ್ಗೆ ಹೇಳಿರ್ಲಿಲ್ವಾ?" ನಾನು ಪಲ್ಪರ್ ಮನೆಯ ಕಡೆ ನಡೆದೆ. ಸುಶೀಲ ಮತ್ತೆ ಕೇಳಲಿಲ್ಲ. ಮಗಳು ಒಬ್ಬರೆದುರು ಹೇಳಿದ್ದನ್ನು ಸುಳ್ಳು ಮಾಡುವುದು ಅವಳಿಗೂ ಬೇಡವಾಗಿತ್ತು. ಆ ಬೇಸಿಗೆಯಲ್ಲಿ ಮನೆ ಬಿಟ್ಟೆವು. ವಿನುತಾ ಓದು ಮುಗಿಸಿ, ಟೀಚರಾಗಿ, ಮದುವೆಯಾಗಿ ಈಗ ವಸ್ತಾರೆಯ ಹತ್ತಿರ ಇದ್ದಾಳೆ. ನಾನು ಅವಳ ಮನೆಯಲ್ಲೇ ಇದ್ದೇನೆ. ಅವಳು ನನಗೆ ಬಿಸಿನೀರು ಕಾಯಿಸಿ ಕೊಡುತ್ತಾಳೆ, ಮಾತ್ರೆ ನೆನಪಿಸುತ್ತಾಳೆ. ಡಾಕ್ಟರ ಕೋಣೆಯ ಆ ಮಾತನ್ನು ಇಬ್ಬರೂ ಇಂದಿನವರೆಗೆ ಎತ್ತಿಲ್ಲ.

ಹೋದ ತಿಂಗಳು ಮೊಮ್ಮಗಳು ಆಟದಲ್ಲಿ ಬಿದ್ದು ಮಂಡಿ ಊದಿಕೊಂಡಿದ್ದನ್ನು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಅಳಿಯಂದಿರು ಅವಳನ್ನು ಹತ್ತಿರ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು.

"ನಿಮ್ಮಮ್ಮ ಹಿಂಗೇ ಮುಚ್ಚಿಟ್ಟು ಕೈ ಹಾಳ್ಮಾಡ್ಕೊಂಡ್ಲು, ಗೊತ್ತಾ? ಅವತ್ತೇ ತಾತನ ಹತ್ರ ಹೇಳಿದ್ರೆ ತಾತ ಸುಮ್ನಿರ್ತಿದ್ರಾ? ಕೇಳು ಬೇಕಾದ್ರೆ."

ಮಗು ನನ್ನ ಕಡೆ ತಿರುಗಿ ಕೇಳಿತು, "ಸುಮ್ನಿರ್ತಿದ್ರಾ ತಾತ?"

ವಿನುತಾ ಪಾತ್ರೆ ತೊಳೆಯುತ್ತಿದ್ದಳು. ನೀರಿನ ಸದ್ದು ನಿಂತಿತು. ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನಾನು ಮಗುವಿನ ತಲೆ ಸವರಿ, "ಇಲ್ಲ ಪುಟ್ಟಿ" ಎಂದೆ. ಸ್ವಲ್ಪ ಹೊತ್ತಾದ ಮೇಲೆ ನಲ್ಲಿ ಮತ್ತೆ ಹರಿಯಿತು.

ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ ಎಂದು ಆವತ್ತು ಖಚಿತವಾಯಿತು. ಅಳಿಯಂದಿರು ಓದಲಿ, ಮೊಮ್ಮಗಳು ದೊಡ್ಡವಳಾದ ಮೇಲೆ ಓದಲಿ, ಕೋಚ್ ಬದುಕಿದ್ದರೆ ಅವರೂ ಓದಲಿ. ವಿನುತಾ ಏನನ್ನೂ ಮುಚ್ಚಿಡಲಿಲ್ಲ. ನೋವು ಬಂದಾಗಲೇ ನನ್ನನ್ನು ಕರೆದು, ನನ್ನ ಮುಖ ನೋಡಿಕೊಂಡು ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ.